ಹುಟ್ಟಿಲ್ಲದ ದೋಣಿ

ಕವುಚಿ ಹಾಕಿದ ಆ ದೋಣಿಯ ಅಡಿಗೆ ನುಸುಳಿ ಕೂತು ಮೇಲೆ ನೋಡಿದರೆ, ಹಲಗೆಗಳ ನಡುವಿನ ಸೀಳುಗಳಿಂದ ಬೆಳಕು ಎಳೆಎಳೆಯಾಗಿ ಇಳಿಯುತ್ತಿತ್ತು. ಹೊರಗೆ ಉರಿಬಿಸಿಲು, ಒಳಗೆ ಕೆಸರು, ಉಪ್ಪು, ಹಳೆಯ ಚಿಪ್ಪುಗಳ ವಾಸನೆ. ಅಲ್ಲಿ ಕೂತವರ ಮೈಮೇಲೆಲ್ಲ ಬೆಳಕಿನ ಗೆರೆಗಳು. ದೋಣಿ ನಮ್ಮ ಅಂಗಳದಲ್ಲಿದ್ದ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಆ ಗೆರೆಗಳೇ. ಅತ್ತೆ ತೀರಿಕೊಂಡು ಎಷ್ಟೋ ಮಳೆಗಾಲಗಳು ಕಳೆದಿವೆ. ಈಗ ಹೇಳಬಹುದು ಅನ್ನಿಸುತ್ತದೆ.

ಹೊಳೆ ಸಮುದ್ರ ಸೇರುವ ಕಡೆ ನಮ್ಮ ಊರು. ಊರಿನ ಎದುರಿಗೆ ಹೊಳೆಯ ನಡುವೆ ಒಂದು ಕುದುರು. ನಡುಗಡ್ಡೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಅದರ ತುಂಬ ಉಪ್ಪುನೀರಲ್ಲಿ ಬೇರೂರುವ ಕಾಂಡ್ಲ ಗಿಡಗಳು ಬೆಳೆದು, ಉಬ್ಬರದ ಹೊತ್ತಿನಲ್ಲಿ ಹೊಳೆಯ ಮೇಲೆ ಹಸಿರು ತೇಲಿದಂತೆ ಕಾಣುತ್ತಿತ್ತು. ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ಹೋಗಬಾರದು ಎನ್ನುವುದಷ್ಟೇ ಎಲ್ಲರಿಗೂ ಗೊತ್ತಿತ್ತು. ಯಾಕೆಂದು ಕೇಳುವ ರೂಢಿ ಇರಲಿಲ್ಲ.

ದಂಡೆಯಲ್ಲಿ ಹೊಸ ಕಟ್ಟೆ ಕಟ್ಟಲು ಕೆಸರು ಅಗೆಯುವಾಗ ದೋಣಿ ಸಿಕ್ಕಿತು. ಮಗುಚಿ ಬಿದ್ದು ಹೂತುಹೋಗಿದ್ದ ಅದನ್ನು ಹತ್ತಾರು ಜನ ಸೇರಿ ಎಳೆದು ಮೇಲೆ ಹಾಕಿದರು. ಯಾರದೆಂದು ಹೇಳುವವರಿಲ್ಲ. ದೇವಸ್ಥಾನದ ಮೊಕ್ತೇಸರ ಶಾಂತಾರಾಮಯ್ಯನವರು ನೋಡಿ, "ವಾಮನ ಆಚಾರಿ ಅಂಗಳಕ್ಕೆ ಸಾಗಿಸಿ. ಅವನಿಗಾದ್ರೂ ಏನಾದ್ರೂ ತಿಳಿದೀತು" ಎಂದರು.

ವಾಮನ ಆಚಾರಿ ನನ್ನ ಗಂಡ. ನಾನು ಹೆಸರು ಹಿಡಿದು ಕರೆದವಳಲ್ಲ. ಇಲ್ಲೂ 'ಇವರು' ಎಂದೇ ಹೇಳುತ್ತೇನೆ. ನಮ್ಮದು ಬಾಗಿಲು, ಕಿಟಕಿ, ತೊಟ್ಟಿಲು ಮಾಡುವ ಮನೆ. ಇವರ ಅಜ್ಜಯ್ಯ ಒಂದು ಕಾಲದಲ್ಲಿ ದೋಣಿ ಕಟ್ಟುತ್ತಿದ್ದರಂತೆ. ಯಾವಾಗಲೋ ಬಿಟ್ಟರು, ಮಗನಿಗೂ ಕಲಿಸಲಿಲ್ಲ. ಇವರಿಗೆ ಮಾತ್ರ ಅದರ ಹುಚ್ಚು ಹೇಗೋ ಅಂಟಿಕೊಂಡಿತ್ತು. ಮೇಲಿನ ಊರಿನ ದೋಣಿ ಕಟ್ಟುವವರ ಹಿಂದೆ ತಿರುಗಿ ಕಲಿತು ಬಂದಿದ್ದರು.

ಅತ್ತೆಗೆ ಅದು ಹಿಡಿಸಿರಲಿಲ್ಲ. ಊರವರು ದೇವಕ್ಕ ಎನ್ನುತ್ತಿದ್ದ ಅವರು ಮೆತ್ತನೆಯ ಮಾತಿನ ಹೆಂಗಸು. ಮುಖದ ತುಂಬ ಸಿಡುಬಿನ ಕಲೆ. ಆ ಕಾಲದ ಹಲವರ ಮುಖದಲ್ಲಿ ಅದು ಇದ್ದದ್ದೇ. ಒಂದು ವಿಷಯ ಮಾತ್ರ ನನಗೆ ಮದುವೆಯಾದ ಹೊಸತರಲ್ಲೇ ವಿಚಿತ್ರವಾಗಿ ಕಂಡಿತ್ತು. ಊರಿಗೆ ಊರೇ ದೋಣಿಯಲ್ಲಿ ಹೊಳೆ ದಾಟಿದರೂ ಅವರು ದಾಟುತ್ತಿರಲಿಲ್ಲ. ಆಚೆ ದಡದ ಮದುವೆ ಮುಂಜಿಗೂ ಬಿಸಿಲಲ್ಲಿ ಮೇಲಿನ ಸೇತುವೆಯವರೆಗೆ ನಡೆದು, ಸುತ್ತು ಬಳಸಿ ಹೋಗುತ್ತಿದ್ದರು. "ನಂಗೆ ತಲೆ ತಿರುಗ್ತದೆ" ಎನ್ನುವುದು ಅವರ ಉತ್ತರ.

ದೋಣಿ ಅಂಗಳಕ್ಕೆ ಬಂದ ದಿನದಿಂದ ಅವರು ಮುಂಬಾಗಿಲಿನಿಂದ ಓಡಾಡುವುದನ್ನು ಬಿಟ್ಟರು. ಹಿತ್ತಿಲ ಬಾಗಿಲೇ ಅವರ ದಾರಿಯಾಯಿತು. ಕೆಸರಿನ ವಾಸನೆಗೆ ಇರಬೇಕೆಂದುಕೊಂಡೆ.

ಇವರಂತೂ ಊಟ ತಿಂಡಿ ಮರೆತರು. ಚಿಪ್ಪು ಕೆರೆದರು, ಸಿಹಿನೀರು ಹೊಯ್ದು ಉಪ್ಪು ತೊಳೆದರು, ಬಿಸಿಲಿಗೆ ಒಮ್ಮೆಲೇ ಒಣಗಿ ಸೀಳಬಾರದೆಂದು ಒದ್ದೆ ಗೋಣಿ ಹೊದಿಸಿದರು. ಹೆಬ್ಬಲಸಿನ ಹಲಗೆ; ಕೆಸರಿನೊಳಗೆ ಕೂತಿದ್ದರಿಂದ ಮರ ಕಬ್ಬಿಣದಂತಿತ್ತು. ಆದರೆ ಕೆಲಸ ಮುಂದೆ ಹೋದಷ್ಟೂ ಇವರ ಹಣೆ ಗಂಟಿಕ್ಕಿತು.

"ಇದು ಎಂತ ದೋಣಿ ಅಂತ ಗೊತ್ತಾಗೂದಿಲ್ಲ ಮಾರಾಯ್ತಿ," ಎಂದರು ಒಂದು ದಿನ. "ಹಿಂದು ಮುಂದು ಒಂದೇ ಥರ. ಎರಡೂ ತುದಿಗೆ ಕಬ್ಬಿಣದ ಬಳೆ. ಕೂತುಕೊಳ್ಳೋಕೆ ಅಡ್ಡಹಲಗೆ ಇಲ್ಲ, ಇದ್ದ ಗುರುತೂ ಇಲ್ಲ. ಹುಟ್ಟು ಹಾಕಿದ್ರೆ ಅಂಚು ಸವೀಬೇಕಲ್ಲ? ಅದೂ ಇಲ್ಲ. ಮತ್ತೆ ಇದು ನೋಡು, ತಳದಲ್ಲಿ ತೂತು. ಬಂಡೆ ತಾಗಿ ಆದದ್ದಲ್ಲ. ಒಳಗಿಂದ ಯಾರೋ ಕೊಡಲಿಯಲ್ಲಿ ಕಡಿದದ್ದು."

ಬಳೆಗಳ ವಿಷಯ ಕೇಳಿ ಶಾಂತಾರಾಮಯ್ಯನವರ ಮುಖ ಅರಳಿತು. "ಹಗ್ಗ ಕಟ್ಟಿ ಎರಡೂ ಕಡೆಯಿಂದ ಎಳೀತಿದ್ರು ಅಂತಾಯ್ತಲ್ಲ? ಮತ್ತೆಂತ ಆಚಾರ್ರೇ, ಇದು ದೇವರ ತೆಪ್ಪ! ಹಿಂದೆ ನಮ್ಮಲ್ಲಿ ತೆಪ್ಪೋತ್ಸವ ಆಗ್ತಿತ್ತು ಅಂತ ನಮ್ಮಪ್ಪ ಹೇಳೂದು ಕೇಳಿದ್ದೆ. ದೇವರ ಎದುರು ಹುಟ್ಟು ಹಾಕುವವ ಕೂರೂದುಂಟಾ? ಅದಕ್ಕೇ ಹಲಗೆ ಇಲ್ಲ."

ಮಾತು ಸರಿಯಾಗಿಯೇ ಇತ್ತು. ಒಂದೆರಡು ದಿನದಲ್ಲಿ ಊರೆಲ್ಲ ಅದೇ ಸುದ್ದಿ. ಹೆಂಗಸರು ಬಂದು ದೋಣಿಗೆ ಅರಿಸಿನ ಕುಂಕುಮ ಹಚ್ಚಿ ಹೋದರು. ಬರುವ ಹುಣ್ಣಿಮೆಗೆ ದೇವರನ್ನು ಕೂರಿಸಿ ಹೊಳೆಗಿಳಿಸುವುದೆಂದು ತೀರ್ಮಾನವಾಯಿತು. ತೂತಿಗೆ ಹೊಸ ಹಲಗೆ ಕೂತಿತು. ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ಇವರು ಸೀಳುಗಳಿಗೆ ಉಳಿಯಿಂದ ತುರುಕುತ್ತ ಹೋದಂತೆ, ಒಳಗಿನ ಬೆಳಕಿನ ಗೆರೆಗಳು ಒಂದೊಂದಾಗಿ ಆರತೊಡಗಿದವು.

ಆ ದೋಣಿ ಯಾರು ಕಟ್ಟಿದ್ದೆಂದು ಮೊದಲು ಕಂಡದ್ದು ನನಗೆ. ಹಬ್ಬಕ್ಕೆಂದು ಹೆಬ್ಬಾಗಿಲನ್ನು ಒರೆಸುತ್ತಿದ್ದೆ. ಅಜ್ಜಯ್ಯ ಮಾಡಿದ ಬಾಗಿಲು ಅದು. ಹಲಗೆ ಜೋಡಿಸಲು ಹೊಡೆದ ಮರದ ಮೊಳೆಗಳು ಎಲ್ಲರ ಮೊಳೆಗಳಂತೆ ದುಂಡಗಿಲ್ಲ. ಎಂಟು ಮೂಲೆಯವು, ತಲೆಯನ್ನು ಸೀಳಿ ಅಡ್ಡಕ್ಕೆ ತೆಳುವಾದ ಬೆಣೆ ಬಡಿದವು. ಅದೇ ಮೊಳೆ, ಅದೇ ಬೆಣೆ ಅಂಗಳದ ದೋಣಿಯಲ್ಲೂ ಇದ್ದದ್ದು ಥಟ್ಟನೆ ನೆನಪಾಯಿತು. ಇವರನ್ನು ಕರೆದು ತೋರಿಸಿದೆ. ಇವರು ಬಾಗಿಲಿನ ಮೇಲೊಮ್ಮೆ, ದೋಣಿಯ ಮೇಲೊಮ್ಮೆ ಬೆರಳಾಡಿಸಿ, ಹಾಗೇ ಅಡುಗೆಮನೆಗೆ ಓಡಿದರು.

"ಅಮ್ಮಾ, ಇದು ಅಜ್ಜಯ್ಯ ಕಟ್ಟಿದ ದೋಣಿ! ದೇವರ ದೋಣಿ ಕಟ್ಟಿದವರು ನಮ್ಮ ಅಜ್ಜಯ್ಯ! ನಿಂಗೆ ಗೊತ್ತಿರ್ಲಿಲ್ವಾ?"

ಅತ್ತೆ ತಿರುಗಿ ನೋಡಲಿಲ್ಲ. "ಸಾರು ಉಕ್ತದೆ, ಬದಿಗೆ ಸರಿ" ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ ಊಟಕ್ಕೆ ಕರೆದರೆ ಅವರಿಲ್ಲ. ಹಿತ್ತಿಲು, ಬಾವಿಕಟ್ಟೆ ಎಲ್ಲ ಹುಡುಕಿದೆವು. ಕೊನೆಗೆ ಇವರು ಬಗ್ಗಿ ದೋಣಿಯ ಅಡಿಗೆ ನೋಡಿದರು. ಅತ್ತೆ ಅಲ್ಲಿ ಮೊಣಕಾಲು ಮಡಚಿ ಕೂತಿದ್ದರು. ಇನ್ನೂ ಮುಚ್ಚದೆ ಉಳಿದಿದ್ದ ಒಂದೇ ಸೀಳಿನಿಂದ ಇಳಿದ ಬೆಳಕು ಅವರ ಕೆನ್ನೆಯ ಕಲೆಗಳ ಮೇಲೆ ಬಿದ್ದಿತ್ತು.

ನಾವಿಬ್ಬರೂ ಒಳಗೆ ನುಸುಳಿ ಪಕ್ಕದಲ್ಲಿ ಕೂತೆವು.

"ದೇವರ ದೋಣಿ ಅಲ್ಲ ಮಗಾ," ಎಂದರು ಅತ್ತೆ. "ಇದ್ರಲ್ಲಿ ನಾನು ಹೋಗಿದ್ದೆ. ಅಬ್ಬೆ ಜೊತೆ. ಅಬ್ಬೆಗೆ ಮೈತುಂಬ ಎದ್ದಿತ್ತು, ನಂಗೆ ಆಗಷ್ಟೇ ಶುರು. ಆ ವರ್ಷ ಮನೆಮನೆಗೂ ಅದೇ ಕಾಯಿಲೆ. ಬಂದವರನ್ನೆಲ್ಲ ಕುದುರಿಗೆ ಕಳಿಸೂದು ಅಂತ ಊರು ಸೇರಿ ನಿಶ್ಚಯ ಮಾಡ್ತು. ಆದ್ರೆ ಅವರ ಜೊತೆ ಕೂತು ಹುಟ್ಟು ಹಾಕೋಕೆ ಯಾರು ಬರ್ತಾರೆ? ಹುಟ್ಟು ಬೇಡದ ದೋಣಿ ಕಟ್ಟಿಕೊಡು ಅಂತ ಮಾವನಿಗೆ ಹೇಳಿದ್ರು."

ಮಾವ ಎಂದರೆ ಅಜ್ಜಯ್ಯ.

"ಕುದುರಲ್ಲಿ ಒಂದು ಕಂಬ ನೆಟ್ಟು ಹಗ್ಗ ಸುತ್ತಿಸಿ ಎರಡೂ ಎಳೆ ಈ ದಡಕ್ಕೆ ತಂದಿದ್ರು. ಒಂದೆಳೆ ಎಳೆದ್ರೆ ದೋಣಿ ಹೋಗ್ತದೆ, ಇನ್ನೊಂದೆಳೆ ಎಳೆದ್ರೆ ಬರ್ತದೆ. ಜನ ಈ ದಡದಲ್ಲೇ ನಿಂತ್ಕೊಂಡು ಎಳೀತಿದ್ರು. ಹೋಗುವಾಗ ಜನ, ಆಮೇಲೆ ಗಂಜಿ ಪಾತ್ರೆ. ಎಷ್ಟು ದಿನ ಇದ್ದೆನೋ ಗೊತ್ತಿಲ್ಲ. ಒಂದಿನ ಅಬ್ಬೆ ಎಬ್ಬಿಸಿದ್ರೂ ಏಳ್ಲಿಲ್ಲ. ಗಂಜಿ ತಂದ ದೋಣಿ ನಿಂತಿತ್ತು. ಹತ್ತಿ ಮಲಗಿಬಿಟ್ಟೆ."

ಅವರು ಹಲಗೆಯ ಮೇಲೆ ಕೈಯಿಟ್ಟರು.

"ಅರ್ಧ ಹೊಳೆಗೆ ಬಂದಾಗ ಯಾರೋ ನೋಡಿದ್ರು. ಮಗು ಉಂಟು, ವಾಪಸ್ ಕಳಿಸಿ ಅಂತ ಕೂಗಿದ್ರು. ಈ ಎಳೆ ಮಾವನ ಕೈಲಿತ್ತು, ಅವರು ಬಿಡ್ಲಿಲ್ಲ. ಆ ಎಳೆ ಬೇರೆಯವರು ಹಿಡಿದು ಜಗ್ಗಿದ್ರು. ದೋಣಿ ಸ್ವಲ್ಪ ಮುಂದೆ ಬರ್ತದೆ, ಮತ್ತೆ ಹಿಂದೆ ಹೋಗ್ತದೆ. ನಾನು ಅಂಗಾತ ಮಲಗಿ ಆಕಾಶ ನೋಡ್ತಾ ಇದ್ದೆ. ಕೊನೆಗೆ ಮಾವ ನೀರಿಗೆ ಹಾರಿ, ಆ ಹಗ್ಗ ಕಡಿದು, ದೋಣಿಯನ್ನ ಕೈಯಲ್ಲೇ ಎಳ್ಕೊಂಡು ಬಂದ್ರು. ನನ್ನ ಎತ್ತಿ ದಡಕ್ಕೆ ಹಾಕಿದ್ರು. ತಿರುಗಿ ಹೋಗಿ ಕೊಡಲಿ ಎತ್ತಿದ್ರು. ತಾವೇ ಕಟ್ಟಿದ್ದು, ತಾವೇ ಮುಳುಗಿಸಿದ್ರು."

"ಒಳ್ಳೇದು ಮಾಡಿದ್ರು," ಎಂದರು ಇವರು.

ಅತ್ತೆ ತಲೆ ಅಲ್ಲಾಡಿಸಿದರು. "ಕುದುರಲ್ಲಿ ಇನ್ನೂ ಜನ ಇದ್ರು ಮಗಾ. ಜೀವ ಇದ್ದವರು. ದೋಣಿ ಇಲ್ಲ ಅಂದ್ರೆ ಗಂಜಿಯೂ ಇಲ್ಲ. ಅದು ಮಾವನಿಗೆ ಆಮೇಲೆ ಹೊಳೀತು. ಮತ್ತೆ ದಿನಾ ತಲೆ ಮೇಲೆ ಗಂಜಿ ಪಾತ್ರೆ ಕಟ್ಕೊಂಡು ಈಜಿ ಹೋಗ್ತಿದ್ರು. ಆ ಕಡೆ ತಗೊಳ್ಳೋಕೆ ಯಾರೂ ಬರದ ದಿನದವರೆಗೂ. ಅಷ್ಟಾದ ಮೇಲೆ ಅವರು ದೋಣಿ ಮುಟ್ಟಲಿಲ್ಲ. ನನ್ನನ್ನ ತಮ್ಮ ಮನೇಲೇ ಇಟ್ಕೊಂಡು ಸಾಕಿದ್ರು, ಮಗನಿಗೆ ಕೊಟ್ಟು ಮದುವೆ ಮಾಡಿದ್ರು. ಈ ಮಾತು ಮಾತ್ರ ನಾವಿಬ್ಬರೂ ಒಂದು ದಿನವೂ ಆಡ್ಲಿಲ್ಲ."

"ಈಗ ಎಂತ ಮಾಡೂದು ಅಮ್ಮಾ? ಇದ್ರಲ್ಲಿ ದೇವರನ್ನ ಕೂರಿಸ್ತಾರಂತೆ."

"ಕೂರಿಸ್ಲಿ ಬಿಡು," ಎಂದರು ಅತ್ತೆ, ಧ್ವನಿ ಏರಿಸದೆ. "ಅವನೂ ಒಮ್ಮೆ ಕೂತು ನೋಡ್ಲಿ."

ಇವರು ಉಳಿ ಸುತ್ತಿಗೆ ಕೆಳಗಿಟ್ಟರು. ಕೆಲವು ದಿನ ಅಂಗಳಕ್ಕೇ ಇಳಿಯಲಿಲ್ಲ. ಅಜ್ಜಯ್ಯನ ಬಗ್ಗೆ ಹೆಮ್ಮೆ ಪಡಬೇಕೋ ನಾಚಬೇಕೋ ತಿಳಿಯದೆ, ಹೆಬ್ಬಾಗಿಲಿಗೆ ಒರಗಿ ಸುಮ್ಮನೆ ಕೂತಿರುತ್ತಿದ್ದರು. ಕೊನೆಗೊಂದು ದಿನ ಅಂಗಿ ಹಾಕಿಕೊಂಡು ಶಾಂತಾರಾಮಯ್ಯನವರ ಮನೆಗೆ ಹೋಗಿ, ಇದ್ದದ್ದನ್ನು ಇದ್ದಂತೆ ಹೇಳಿ ಬಂದರು. ಅವರು ಎಲೆಯಡಿಕೆಯ ತಟ್ಟೆಯನ್ನು ಮುಂದೆ ತಳ್ಳಿ ಒಳಗೆ ಎದ್ದುಹೋದರಂತೆ.

ಸುದ್ದಿ ಹೇಗೋ ಹರಡಿತು. ಸುಟ್ಟುಹಾಕಿ ಎಂದು ಬೀದಿಯಲ್ಲಿ ನಿಂತು ಕೂಗಿದವರಿದ್ದರು. ಸತ್ತವರ ದೋಣಿಗೆ ಅರಿಸಿನ ಹಚ್ಚಿಸಿದರೆಂದು ನನ್ನ ಮೇಲೆ ಹರಿಹಾಯ್ದವರಿದ್ದರು. ತೆಪ್ಪದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆದರೆ ನಾನು ನೆನೆಸದ ಇನ್ನೊಂದು ಸಂಗತಿಯೂ ನಡೆಯಿತು. ಒಬ್ಬೊಬ್ಬರೇ ಬರತೊಡಗಿದರು. ಸೊಪ್ಪು ಕೇಳುವ ನೆವ, ಮುರಿದ ಮಣೆ ರಿಪೇರಿಯ ನೆವ. ಬಂದವರು ದೋಣಿಯ ಪಕ್ಕ ನಿಂತು, ಹಲಗೆಗೆ ಕೈಯಿಟ್ಟು ಹೋಗುತ್ತಿದ್ದರು. ಒಂದು ಸಂಜೆ ಶಾಂತಾರಾಮಯ್ಯನವರೂ ಬಂದರು. ಹೆಗಲ ಶಾಲು ತೆಗೆದು ಕೈಯಲ್ಲಿ ಹಿಡಿದಿದ್ದರು.

"ದೇವಕ್ಕ," ಎಂದರು ಅತ್ತೆಯ ಕಡೆ ನೋಡಲಾರದೆ, "ನಮ್ಮನೆಯಿಂದಲೂ ಒಬ್ರು ಹೋಗಿದ್ರು. ನಮ್ಮಪ್ಪನ ತಂಗಿ. ಆಕೆ ಹೆಸರನ್ನ ಮನೇಲಿ ಯಾರೂ ಹೇಳ್ತಿರ್ಲಿಲ್ಲ. ನಿಮಗೇನಾದ್ರೂ ನೆನಪುಂಟಾ? ಕುದುರಲ್ಲಿ ನೋಡಿದ ನೆನಪು?"

"ನಂಗೆ ನನ್ನ ಅಬ್ಬೆ ಹೆಸರೇ ಗೊತ್ತಿಲ್ಲ ಅಯ್ಯಾ. ಅಬ್ಬೆ ಅಂತ್ಲೇ ಕರೀತಿದ್ದೆ," ಎಂದರು ಅತ್ತೆ.

ಅವರು ಹೋದ ಮೇಲೆ ಅತ್ತೆ ಮಗನನ್ನು ಕರೆದರು. "ಕೆಲಸ ಅರ್ಧಕ್ಕೆ ಬಿಡಬೇಡ. ಪೂರಾ ಮಾಡು. ಹುಟ್ಟು ಹಾಕೋಕೆ ಕೂರುವ ಹಲಗೆ ಒಂದು ಹಾಕು. ನಂಗೆ ಅಲ್ಲಿಗೆ ಹೋಗಬೇಕು."

ಕೊನೆಯ ಸೀಳನ್ನೂ ಮುಚ್ಚಿ, ಗೇರೆಣ್ಣೆ ಹಚ್ಚಿ ಒಣಗಿಸಿ, ಒಂದು ಬೆಳಿಗ್ಗೆ ದೋಣಿಯನ್ನು ನೀರಿಗಿಳಿಸಿದೆವು. ಹನಿ ನೀರೂ ಒಳಗೆ ಬರಲಿಲ್ಲ. ಹೊಸ ಹಲಗೆಯ ಮೇಲೆ ಕೂತು ಇವರು ಹುಟ್ಟು ಹಿಡಿದರು. ಅತ್ತೆ ಎದುರಿಗೆ, ನನ್ನ ಪಕ್ಕದಲ್ಲಿ ಕೂತು ಎರಡೂ ಕೈಯಿಂದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರ ಮಡಿಲಲ್ಲಿ ಬಟ್ಟೆ ಕಟ್ಟಿದ ಗಂಜಿಯ ಪಾತ್ರೆ. ಎಷ್ಟು ಹತ್ತಿರವಿತ್ತು ಆ ಕುದುರು! ಊರಿನ ಕೋಳಿ ಕೂಗುವುದು ಅಲ್ಲಿಗೆ ಕೇಳುತ್ತಿತ್ತು. ಒಲೆಯ ಹೊಗೆ ಕಾಣುತ್ತಿತ್ತು. ಅಂದು ಅಲ್ಲಿದ್ದವರು ಇದೆಲ್ಲವನ್ನೂ ಕೇಳುತ್ತ ನೋಡುತ್ತ ಇದ್ದರೆಂದು ನನಗೆ ಆಗ ಹೊಳೆಯಿತು.

ಅಲ್ಲಿ ಏನೂ ಇರಲಿಲ್ಲ. ಕಾಂಡ್ಲದ ಬೇರು, ಏಡಿಗಳ ಬಿಲ, ಕೆಸರು. ಇಲ್ಲೇ ಎಂದು ತೋರಿಸಬಹುದಾದ ಒಂದು ಕಲ್ಲೂ ಇಲ್ಲ. ಅತ್ತೆ ಮಂಡಿಯವರೆಗೆ ಕೆಸರಿಗಿಳಿದು ಅತ್ತಿತ್ತ ನೋಡಿದರು. ಆಮೇಲೆ ಒಂದು ಬೇರಿನ ಬುಡಕ್ಕೆ ಪಾತ್ರೆಯನ್ನಿಟ್ಟು ಮುಚ್ಚಳ ತೆಗೆದರು. "ಅಬ್ಬೇ," ಎಂದು ಕರೆದರು. ಅದು ಮುದುಕಿಯ ಧ್ವನಿಯಾಗಿರಲಿಲ್ಲ. ಇವರು ಮುಖ ತಿರುಗಿಸಿಕೊಂಡು ದೋಣಿಯನ್ನು ಸುಮ್ಮನೆ ಅತ್ತಿತ್ತ ಸರಿಸುತ್ತ ನಿಂತರು.

ಮರಳುವಾಗ ಬಿಸಿಲೇರಿತ್ತು. ಈಚೆ ದಡದಲ್ಲಿ ಬಟ್ಟೆ ಒಗೆಯುವವರು, ಮೀನಿನ ಬುಟ್ಟಿ ತೊಳೆಯುವವರು ಕೆಲಸ ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ವಾಪಸ್ ಕಳಿಸಿ ಎಂದು ಹಿಂದೊಮ್ಮೆ ಕೂಗಿದ ಆ ದಡ ಹತ್ತಿರವಾದಂತೆ ಅತ್ತೆಯ ಬೆರಳುಗಳು ಅಂಚಿನ ಮೇಲೆ ಬಿಳಿಚಿಕೊಂಡವು. ಮೀನು ಮಾರುವ ಸುಕ್ರಿ ಸೀರೆ ಎತ್ತಿಕಟ್ಟಿ ಸೊಂಟದವರೆಗೆ ನೀರಿಗಿಳಿದಳು. ಒಂದು ಕೈಯಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸಿ, ಇನ್ನೊಂದನ್ನು ಚಾಚಿದಳು.

"ಬನ್ನಿ ದೇವಕ್ಕ, ಕಲ್ಲು ಜಾರ್ತದೆ. ಕೈ ಕೊಡಿ."

ಅತ್ತೆ ಆ ಒದ್ದೆ ಕೈಯನ್ನು, ಅದಕ್ಕಂಟಿದ ಮೀನಿನ ಪೊರೆಗಳನ್ನು ನೋಡುತ್ತ ಕೂತೇ ಇದ್ದರು. ಸುಕ್ರಿ ಅವಸರ ಮಾಡಲಿಲ್ಲ. ನೀರಿನಲ್ಲಿ ಕೈ ಚಾಚಿಕೊಂಡೇ ನಿಂತಿದ್ದಳು.