ಕೊನೆಯ ಪುಟದಿಂದ ತೆರೆದ ಪುಸ್ತಕ

ನಾನು ಮೇಲವಂಕಿಯ ರಾಚಪ್ಪ. ಪ್ರತಿ ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪುರಾಣ ಓದುವವನು ನಾನೇ. ಓದು ಬಲ್ಲವನೆಂಬ ಜಂಬ ನನಗೆ ಮೊದಲಿನಿಂದಲೂ ಇತ್ತು. ಆ ಜಂಬ ಒಂದು ಮನೆತನವನ್ನೇ ಊರು ಬಿಡಿಸುವುದರಲ್ಲಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ. ಮುಂಗಾರು ಒಮ್ಮೆ ಮುಖ ತೋರಿಸಿ ಹೋಗಿತ್ತು. ಹೊಲದ ಜೋಳ ಮೊಣಕಾಲುದ್ದಕ್ಕೇ ಮುರುಟಿ ನಿಂತಿತ್ತು. ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂದು ನನ್ನ ಜೋಡೆತ್ತು ಕೊಟ್ಟಿಗೆಯಲ್ಲೇ ಇದ್ದವು. ಮಧ್ಯಾಹ್ನ ಎರಡೂ ತೇಕತೊಡಗಿದವು, ತೂರಾಡಿ ಬಿದ್ದವು, ತಾಸಿನೊಳಗೆ ಸತ್ತವು.

ಮೇವು ಹಾಕಿದವನು ನಮ್ಮ ಆಳು ಸತ್ತೆಪ್ಪ. ಕೆಳಗಿನ ಕೇರಿಯವನು, ಇಪ್ಪತ್ತು ವರ್ಷ ನಮ್ಮಲ್ಲೇ ದುಡಿದವನು. ಸತ್ತ ದನದ ತೊಗಲು ಊರಿನ ಪದ್ಧತಿಯಂತೆ ಅವನ ಕೇರಿಗೆ ಸೇರುತ್ತಿತ್ತು. ಅದು ನೆನಪಾದದ್ದೇ ತಡ, ನಾನು ಬೀದಿಗೆ ಬಂದು, ತೊಗಲಿನ ಆಸೆಗೆ ಸತ್ತೆಪ್ಪ ವಿಷ ಹಾಕಿದನೆಂದು ಕೂಗಿದೆ. ಊರಿಗೆ ಅಷ್ಟು ಸಾಕಾಯಿತು. ಬುಧವಾರ ಸಂಜೆ ಚಾವಡಿಯಲ್ಲಿ ಕೂಡೋಣ, ಆ ಮನೆತನವನ್ನು ಊರಿಂದ ಹೊರಗೆ ಹಾಕೋಣ ಎಂದು ಊರ ಹಿರಿಯ ಹೊಳೆಪ್ಪ ಹೇಳಿಯೇಬಿಟ್ಟ.

ಮಂಗಳವಾರ ಬೆಳಿಗ್ಗೆ ಸತ್ತೆಪ್ಪನ ಹೆಂಡತಿ ಸೀತವ್ವ ನಮ್ಮ ಅಂಗಳದ ಅಂಚಿಗೆ ಬಂದು ನಿಂತಳು. ಅವಳ ತಮ್ಮ ಕೇದಾರಿ ಬೆಳಗಾವಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ತೆಗೆದುಕೊಡುವ ನೌಕರ. ದನಗಳ ಬಗ್ಗೆ ಬಲ್ಲವರು ಪರೀಕ್ಷೆ ಮಾಡಿ ಬರೆದದ್ದೆಲ್ಲ ಅಲ್ಲಿದೆಯಂತೆ.

"ನಿಮಗ ಓದಾಕ ಬರತೈತ್ರಿ. ನಿಮ್ಮ ಕಣ್ಣಿಂದನ ನೋಡಿ ಬರ್ರಿ," ಎಂದಳು. "ಅಲ್ಲಿ ಏನೂ ಸಿಗಲಿಲ್ಲಂದ್ರ ನಾವಾಗೇ ಊರು ಬಿಡ್ತೀವ್ರಿ."

ನನಗೆ ಸಿಟ್ಟು ಬಂತು. ನನ್ನ ಕೊಟ್ಟಿಗೆಯ ಸುದ್ದಿ ಬೆಳಗಾವಿಯ ಪುಸ್ತಕಕ್ಕೇನು ಗೊತ್ತು? ಆದರೆ ನನ್ನ ಹೆಂಡತಿ ಕೆಂಚವ್ವ ಆಗಲೇ ಬುತ್ತಿ ಕಟ್ಟಿದ್ದಳು. ಎತ್ತಿಗೆ ನೀರು ಕುಡಿಸದೆ ಉಣ್ಣಲು ಕೂರದವನು ಸತ್ತೆಪ್ಪ, ನೀವಲ್ಲ ಎಂದಳು. ಹೋದೆ. ಖರೆ ಹೇಳುವುದಾದರೆ, ಅವನ ತಪ್ಪನ್ನು ಸಾಬೀತು ಮಾಡಬೇಕೆಂದೇ ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆ.

ಬುಧವಾರ ಹತ್ತಕ್ಕೆ ಗ್ರಂಥಾಲಯದ ಬಾಗಿಲು ತೆರೆಯಿತು. ಮಧ್ಯಾಹ್ನ ಒಂದು ಗಂಟೆಯ ರೈಲುಗಾಡಿ ತಪ್ಪಿದರೆ ಸಂಜೆಯೊಳಗೆ ಊರು ಮುಟ್ಟುವಂತಿರಲಿಲ್ಲ. ಕೇದಾರಿ ಮೇಲಿನವರ ಅಪ್ಪಣೆ ಕೇಳಿ ನನ್ನನ್ನು ಒಳಗೆ ಕೂರಿಸಿದ. ಅಲ್ಲಿ ಉದ್ದನೆಯ ಪೆಟ್ಟಿಗೆಗಳ ತುಂಬ ಚೀಟಿಗಳು. ವಿಷಯದ ಹೆಸರು ಹಿಡಿದು ಹುಡುಕಿದರೆ, ಪುಸ್ತಕ ಯಾವ ಕಪಾಟಿನಲ್ಲಿದೆ ಎಂದು ಚೀಟಿ ಹೇಳುತ್ತದೆ. 'ದನಗಳು' ಎಂಬ ಚೀಟಿ ನೋಡಿ ಅವನು ಒಂದು ದಪ್ಪ ಪುಸ್ತಕ ತಂದಿಟ್ಟ. ಒಂದಿಡೀ ವರ್ಷದ ಒಕ್ಕಲುತನದ ಮಾಸಪತ್ರಿಕೆಗಳನ್ನು ಸೇರಿಸಿ ಹೊಲಿದದ್ದು. ಅಷ್ಟರಲ್ಲಿ ಯಾರೋ ಕರೆದರೆಂದು ಹೋದ.

ನಾನು ಕೈಕಾಲು ತೊಳೆದು ಬಂದು, ಪುಸ್ತಕವನ್ನು ಹಣೆಗೆ ಮುಟ್ಟಿಸಿಕೊಂಡು, ಮೊದಲ ಪುಟದಿಂದ ಶುರುಮಾಡಿದೆ. ಪುರಾಣ ಓದುವವನಿಗೆ ಬೇರೆ ಗೊತ್ತಿಲ್ಲ. ನಡುವೆ ಬಿಡುವಂತಿಲ್ಲ, ಹಾರಿಸುವಂತಿಲ್ಲ. ಬಾವಿ ತೋಡುವುದು, ಹತ್ತಿಯ ಬೀಜ, ಕಬ್ಬಿನ ಗಾಣ, ಒಂದಕ್ಷರ ಬಿಡಲಿಲ್ಲ. ಅರವತ್ತು ಪುಟ ಆಗುವಾಗ ಗಡಿಯಾರ ಹನ್ನೆರಡು ಹೊಡೆಯಿತು. ಇನ್ನೂ ಐನೂರು ಪುಟ ಉಳಿದಿತ್ತು.

ಮರಳಿ ಬಂದ ಕೇದಾರಿ ನಾನಿದ್ದ ಪುಟ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ರಾಚಪ್ಪಾರ, ಇದು ಪುರಾಣ ಅಲ್ರಿ. ಹಿಂದಿಂದ ತೆಗೀರಿ," ಎಂದ.

ಕೊನೆಯ ಪುಟಗಳಲ್ಲಿ ಅಕ್ಷರಕ್ರಮದ ಪಟ್ಟಿಯಿತ್ತು. ಒಂದೊಂದು ವಿಷಯದ ಮುಂದೆ ಪುಟದ ಅಂಕಿ. 'ವಿಷ' ಹುಡುಕಿದೆ. ಇಲಿಗೆ ಹಾಕುವ ಔಷಧ ಸಿಕ್ಕಿತು. 'ಎತ್ತು' ಹುಡುಕಿದೆ. ಲಾಳ ಹೊಡೆಯುವುದು ಸಿಕ್ಕಿತು. ಹನ್ನೆರಡೂ ಕಾಲು ಆಯಿತು. ಇದರಲ್ಲಿ ಏನೂ ಇಲ್ಲ ಎಂದು ಪುಸ್ತಕ ಮುಚ್ಚಲು ಹೋದೆ. ಕೇದಾರಿ ಅಂಗೈ ಅಡ್ಡ ಇಟ್ಟ.

"ನೀವು ಯಾರು ಕೊಂದ್ರು ಅಂತ ಹುಡುಕಾಕತ್ತೀರಿ. ಅವತ್ತು ಎತ್ತು ಏನ್ ತಿಂದಿದ್ವು, ಅದನ್ನ ಹುಡುಕ್ರಿ."

ತಿಂದದ್ದು ಜೋಳದ ಪೈರು. 'ಜೋಳ' ಎಂಬಲ್ಲಿ ಏಳೆಂಟು ಅಂಕಿಗಳಿದ್ದವು. ಒಂದರ ಪಕ್ಕದಲ್ಲಿ 'ಎಳೆ ಪೈರು, ದನಗಳ ಸಾವು' ಎಂದಿತ್ತು. ಪುಟ ನಾನೂರ ಹನ್ನೆರಡು. ಮಳೆಯಿಲ್ಲದೆ ಮುರುಟಿದ ಎಳೆ ಜೋಳದಲ್ಲಿ ತಾನಾಗಿಯೇ ವಿಷ ಹುಟ್ಟುತ್ತದೆ. ಅದನ್ನು ಮೇಯ್ದ ದನ ತೇಕಿ, ತೂರಾಡಿ, ತಾಸಿನೊಳಗೆ ಸಾಯಬಹುದು.

ಸೋಮವಾರದ ಬೆಳಗು ಕಣ್ಣ ಮುಂದೆ ಬಂತು. ಹೇಗೂ ತೆನೆ ಬಿಡದ ಬೆಳೆ, ಕೊಯ್ದು ಎತ್ತಿಗೆ ಹಾಕು ಎಂದವನು ನಾನು. ಎಳೆಯದು ಬೇಡ, ಒಂದು ಮಳೆಯಾಗಲಿ ಎಂದು ಸತ್ತೆಪ್ಪ ಎರಡು ಸಲ ಹೇಳಿದ್ದ. ನಾನು ಗದರಿಸಿ ಕಳುಹಿಸಿದ್ದೆ.

ಪುಸ್ತಕ ಹೊರಗೆ ಕೊಡುವಂತಿಲ್ಲವೆಂದು ಕೇದಾರಿ ಕಾಗದ ಕೊಟ್ಟ. ಬರೆದುಕೊಂಡು ಎದ್ದವನನ್ನು ಮತ್ತೆ ಕೂರಿಸಿ, ಪತ್ರಿಕೆಯ ಹೆಸರು, ಇಸವಿ, ಪುಟದ ಅಂಕಿ ಬರೆಸಿದ. ಗಾಡಿ ತಪ್ಪುತ್ತದೆ ಎಂದು ಬೈದೆ. ಅದಿಲ್ಲದಿದ್ದರೆ ಈ ಕಾಗದವನ್ನು ಯಾರೂ ನಂಬುವುದಿಲ್ಲ ಎಂದ. ಸ್ಟೇಷನ್ನಿಗೆ ಓಡಿಹೋಗಿ, ಹೊರಟ ಗಾಡಿಯನ್ನೇ ಹತ್ತಿದೆ.

ಚಾವಡಿ ತುಂಬಿತ್ತು. ಸತ್ತೆಪ್ಪ ಕೆಳಗೆ ನೆಲದ ಮೇಲೆ ಕೂತಿದ್ದ. ಸೀತವ್ವ ಆಗಲೇ ಗಂಟು ಕಟ್ಟಿ ಪಕ್ಕದಲ್ಲಿಟ್ಟುಕೊಂಡಿದ್ದಳು. ನಾನು ಕಾಗದ ಓದಿದೆ. ಇಂಥದ್ದನ್ನು ಯಾರು ಬೇಕಾದರೂ ಬರೆದುಕೊಂಡು ಬರಬಹುದು ಎಂದು ಹೊಳೆಪ್ಪ ನಕ್ಕ. ಆಗ ಇಸವಿಯನ್ನೂ ಪುಟವನ್ನೂ ಓದಿದೆ.

"ಹೋಗಿ ನೋಡ್ರಿ. ಸುಳ್ಳಾದ್ರ ನನ್ನನ್ನ ಊರ ಹೊರಗ ಹಾಕ್ರಿ," ಎಂದೆ. "ಎತ್ತಿಗೆ ಆ ಪೈರು ಹಾಕು ಅಂದಾವ ನಾನು. ಬ್ಯಾಡ ಅಂದಾವ ಸತ್ತೆಪ್ಪ."

ಹೊಳೆಪ್ಪನ ನಗು ನಿಂತಿತು. ಅದೇ ಎಳೆ ಪೈರಿನ ಹೊರೆ ಅವನ ಅಂಗಳದಲ್ಲೂ ಬಿದ್ದಿತ್ತು. ದನಕ್ಕೆ ಹಾಕಬೇಡಿರೆಂದು ಮನೆಗೆ ಹೇಳಿ ಕಳುಹಿಸಿದ. ಪಂಚಾಯಿತಿ ಅಲ್ಲಿಗೇ ಮುಗಿಯಿತು.

ನಾನು ಸತ್ತೆಪ್ಪನಿಗೆ ಕೈಮುಗಿದು ತಪ್ಪಾಯಿತು ಎಂದೆ. ಅವನು ನನ್ನ ಮುಖ ನೋಡಲಿಲ್ಲ.

"ಪುಸ್ತಕದಾಗ ಇದ್ದದ್ದನ್ನ ನಾನೂ ಹೇಳಿದ್ನಲ್ರಿ, ಅಪ್ಪಾರ," ಎಂದ. ಗಂಟು ಎತ್ತಿಕೊಂಡು ಮನೆಗೆ ನಡೆದ.

ಇದನ್ನು ಓದುವ ಅಣ್ಣಂದಿರೇ, ಓದಿಸಿ ಕೇಳುವ ಅಕ್ಕಂದಿರೇ, ಗ್ರಂಥಾಲಯಕ್ಕೆ ಹೋಗಿ. ಓದು ಬಾರದಿದ್ದರೆ ಬಲ್ಲವರನ್ನು ಕರೆದುಕೊಂಡು ಹೋಗಿ. ಅಲ್ಲಿಯವರನ್ನು ಕೇಳಲು ನಾಚಬೇಡಿ. ಚೀಟಿ ನೋಡಿ, ಪುಸ್ತಕದ ಕೊನೆಯ ಪಟ್ಟಿ ನೋಡಿ. ಒಂದು ಹೆಸರಿನಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ಸಿಕ್ಕಿದ್ದನ್ನು ಪುಟದ ಅಂಕಿಯೊಡನೆ ಬರೆದುಕೊಳ್ಳಿ. ನನ್ನ ಎತ್ತುಗಳು ತಿರುಗಿ ಬರಲಿಲ್ಲ. ಸತ್ತೆಪ್ಪನೂ ನಮ್ಮ ಮನೆಗೆ ತಿರುಗಿ ಬರಲಿಲ್ಲ. ನಾನು ಕೂಗಿದ ಮೇಲೆ ಹುಡುಕಲು ಹೋದೆ. ನೀವು ಮೊದಲು ಹುಡುಕಿ.