ದಲಾಲಿ ಕೊಡದ ಅಮಸಿದ್ದ

ಸಾಲೋಟಗಿಯ ಅಮಸಿದ್ದ ಅಹಂಕಾರಿ. ಈ ಮಾತನ್ನು ನಾನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ. ಹದಿನೈದು ವರ್ಷಗಳ ಪರಿಚಯದಲ್ಲಿ ನಾಲ್ಕೈದು ಸಲವಾದರೂ ಅವನ ಮುಖಕ್ಕೇ ಹೇಳಿದ್ದೇನೆ. ಅವನು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. "ಹಂಗಲ್ಲ ಅಕ್ಕಾರ" ಎಂದು ಶುರುಮಾಡಿ, ಕೈಯಲ್ಲಿದ್ದ ವೈರಿನ ಸಿಪ್ಪೆ ಸುಲಿಯುವುದರಲ್ಲಿ ಮುಳುಗಿ, ಮುಂದಿನ ಮಾತನ್ನು ಅಲ್ಲಿಗೇ ಬಿಟ್ಟುಬಿಟ್ಟ. "ಹಂಗಲ್ಲ" ಎಂಬುದು ಅವನ ಎಲ್ಲ ವಾಕ್ಯಗಳ ಹೊಸ್ತಿಲು. ಹೌದೆನ್ನುವುದಕ್ಕೂ ಅವನು ಅದನ್ನು ದಾಟಿಯೇ ಬರಬೇಕು. "ಚಾ ಕುಡೀತೀ ಏನು?" ಎಂದು ಕೇಳಿದರೆ "ಹಂಗಲ್ರಿ, ಕುಡೀತೇನಿ" ಎನ್ನುವ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವನ ನಡಿಗೆಯೂ ಹಾಗೆಯೇ. ಹೆಗಲ ಮೇಲೆ ಏಣಿ ಇಲ್ಲದಾಗಲೂ ಇದೆ ಎಂಬಂತೆ ನಡೆಯುತ್ತಾನೆ. ಬಲಹೆಗಲು ತುಸು ಮೇಲೆ, ತಲೆ ತುಸು ಎಡಕ್ಕೆ. ನಮ್ಮ ಇಂಡಿ ಪಟ್ಟಣದ ಬಜಾರಿನ ಇಕ್ಕಟ್ಟಾದ ತಿರುವುಗಳಲ್ಲಿ ಅವನು ದೊಡ್ಡದೊಂದು ಸುತ್ತು ಹಾಕಿ ತಿರುಗುವುದನ್ನು ನೋಡಬೇಕು. ಕಾಣದ ಆ ಏಣಿಯ ಹಿಂತುದಿ ಯಾರಿಗೂ ಬಡಿಯಬಾರದೆಂಬ ಎಚ್ಚರ ಅವನ ಮೈಯಲ್ಲಿ ಅಷ್ಟು ಇಳಿದುಹೋಗಿದೆ. ಚೈತ್ರ ವೈಶಾಖದ ಬಿಸಿಲಿನಲ್ಲೂ ಖಾಕಿ ಅಂಗಿಯ ತೋಳು ಮಣಿಕಟ್ಟಿನವರೆಗೆ ಇಳಿದಿರುತ್ತದೆ, ಗುಂಡಿ ಕೊರಳಿನವರೆಗೆ ಏರಿರುತ್ತದೆ. ಬಿಜಾಪುರದ ಐಟಿಐಯಲ್ಲಿ ಕಲಿಸಿದವರು ಹಾಗೆ ಹೇಳಿದ್ದರಂತೆ. ಅವರು ಹೇಳಿದ್ದನ್ನು ಬಹುಶಃ ಆ ತರಗತಿಯಲ್ಲಿ ಇವನೊಬ್ಬನೇ ಕೇಳಿಸಿಕೊಂಡಿರಬೇಕು.

೧೯೯೪ರಲ್ಲಿ ನಾನು ಇಂಡಿಯಲ್ಲಿ ಮನೆ ಕಟ್ಟಿಸುತ್ತಿದ್ದಾಗ ವೈರಿಂಗ್ ಮಾಡಲು ಬಂದವನು ಈತ. ಬಂದವನು ಗೋಡೆಯನ್ನು ನೋಡಲಿಲ್ಲ, ಸೂರನ್ನು ನೋಡಲಿಲ್ಲ. ಹಿತ್ತಲಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತು ಒಂದು ಹಿಡಿ ಮಣ್ಣು ತೆಗೆದು ಹಿಸುಕಿದ. "ಮನಿ ನೋಡಪಾ ಮೊದಲ" ಎಂದು ಗೋಡೆ ಕಟ್ಟುತ್ತಿದ್ದ ಗೌಂಡಿ ರೇಗಿದ.

"ಹಂಗಲ್ಲ. ಮನಿ ಎಲ್ಲಿ ಓಡಿ ಹೋಗ್ತೈತಿ? ಮಣ್ಣ ನೋಡಬೇಕು."

ನಾನು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು. ವಿದ್ಯುತ್ತು ದಾರಿ ತಪ್ಪಿದಾಗ ಅದನ್ನು ನೆಲದೊಳಕ್ಕೆ ಇಳಿಸುವ ಅರ್ಥಿಂಗನ್ನು ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದಿದ್ದೇನೆ. ಆದರೆ ನಮ್ಮ ಕಪ್ಪು ಎರೆಭೂಮಿಯಲ್ಲಿ ಅದರ ಗತಿ ಏನು ಎಂದು ನನಗೆ ಹೇಳಿಕೊಟ್ಟವನು ಅಮಸಿದ್ದ. "ಎರಿ ಬ್ಯಾಸಿಗ್ಯಾಗ ಬಾಯಿ ಬಿಡ್ತೈತ್ರಿ ಅಕ್ಕಾರ. ಹೂತ ತಗಡು ಒಂದ ಕಡೆ, ಮಣ್ಣ ಒಂದ ಕಡೆ. ಆಮ್ಯಾಲ ಅರ್ಥಿಂಗ್ ಅನ್ನೂದು ಬರೇ ಹೆಸರಿಗೆ." ಆಳುದ್ದದ ಗುಂಡಿ ತೋಡಿಸಿ, ತಾಮ್ರದ ತಗಡಿನ ಸುತ್ತ ಇದ್ದಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ, ಒಂದು ಕೊಳವೆ ನಿಲ್ಲಿಸಿ, ಪ್ರತಿ ಅಮಾವಾಸ್ಯೆಗೆ ಅದರೊಳಗೆ ಒಂದು ಕೊಡ ನೀರು ಹಾಕಬೇಕೆಂದು ವಿಧಿಸಿ, ಅದಾದ ಮೇಲೆಯೇ ಅವನು ವೈರು ಮುಟ್ಟಿದ್ದು. ಅವನು ವೈರಿಂಗ್ ಮಾಡಿದ ಮನೆಗಳಲ್ಲಿ ಈಗಲೂ ಹೆಂಗಸರು ಅಮಾವಾಸ್ಯೆಯ ದಿನ ಆ ಕೊಳವೆಗೆ ಅರಿಶಿನ ಕುಂಕುಮ ಹಚ್ಚಿ ನೀರೆರೆಯುತ್ತಾರೆ. ಇದೆಂಥ ಮೌಢ್ಯ, ನೀನಾದರೂ ಹೇಳಬಾರದೆ ಎಂದು ನಾನೊಮ್ಮೆ ಸಿಡುಕಿದೆ. "ಹಂಗಲ್ರಿ. ಪೂಜಿ ಬೇಕಾರ ಮಾಡ್ಲಿ. ನೀರ ಬಿದ್ರ ಸಾಕು" ಎಂದ. ವಾದದಲ್ಲಿ ನಾನು ಸೋತ ಅಪರೂಪದ ಪ್ರಸಂಗಗಳಲ್ಲಿ ಅದೊಂದು.

ಇಂಥ ಕೆಲಸಗಾರನಿಗೆ ಕೆಲಸದ ಬರವೇಕೆ ಬಂತು ಎಂಬುದನ್ನು ಹೇಳಬೇಕಾದರೆ ಬಸಂತರಾಯರ ಕಟ್ಟೆಯ ವಿಷಯ ಹೇಳಬೇಕು. ಬಸಂತರಾಯರದು ಇಂಡಿಯ ದೊಡ್ಡ ವಿದ್ಯುತ್ ಸಾಮಾನಿನ ಅಂಗಡಿ. ಅದರ ಮುಂದಿನ ಕಲ್ಲುಕಟ್ಟೆಯ ಮೇಲೆ ಮುಂಜಾನೆ ಏಳೆಂಟು ಜನ ವೈರಮನ್ನರು ಬಂದು ಕೂಡುತ್ತಿದ್ದರು. ವೈರು ಕೊಳ್ಳಲು ಬಂದ ಗಿರಾಕಿ "ಯಾರರ ಹುಡುಗರ್ನ ಕಳಸ್ರಿ" ಎಂದರೆ ಬಸಂತರಾಯರು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಬೆರಳು ತೋರಿಸುತ್ತಿದ್ದರು. ಆ ಬೆರಳಿಗೆ ಕೂಲಿಯ ಹತ್ತರಲ್ಲೊಂದು ಪಾಲು. ಜೊತೆಗೆ, ಹನ್ನೆರಡು ಸ್ವಿಚ್ಚು ಸಾಕಾಗುವ ಮನೆಗೆ ಹದಿನೈದು ಬರೆದು ಯಾದಿಯನ್ನು ಅಂಗಡಿಗೆ ಕಳಿಸಬೇಕೆಂಬುದು ಯಾರೂ ಬಾಯಿಬಿಟ್ಟು ಹೇಳದ ಕರಾರು. ಅದೇ ಕಟ್ಟೆಯ ಮೇಲೆ ಕೂಡುತ್ತಿದ್ದ ಅಮಸಿದ್ದ ಹನ್ನೆರಡಕ್ಕೆ ಹನ್ನೆರಡೇ ಬರೆದ. ಪಾಲನ್ನಂತೂ ಒಂದು ದಿನವೂ ಕೊಡಲಿಲ್ಲ.

ಬಸಂತರಾಯರು ಕೆಟ್ಟವರಲ್ಲ, ಮಾತುಬಲ್ಲವರು. ಒಂದು ದಿನ ಕಟ್ಟೆಯ ತುಂಬ ಜನರಿರುವಾಗಲೇ ಕೇಳಿದರಂತೆ: "ಏ ಅಮಸಿದ್ದ, ನಿಮ್ಮಪ್ಪ ಕುರಿ ಬಜಾರಕ್ಕ ಹೊಡಕೊಂಡು ಹೋದ್ರ ದಲಾಲಿ ಕೊಡ್ತಾನೋ ಇಲ್ಲೋ? ನಿನಗ್ಯಾಕ ಇಷ್ಟು ಬಿಗಿ?"

"ಹಂಗಲ್ರಿ ಸಾವಕಾರ್ರ. ಕುರಿಗೆ ತನ್ನ ರೇಟ ತಾ ಹೇಳಾಕ ಬರಂಗಿಲ್ಲ. ನನಗ ಬರ್ತೈತಿ."

ಕಟ್ಟೆ ನಕ್ಕಿತು. ನಗದಿದ್ದವರು ಬಸಂತರಾಯರೊಬ್ಬರೇ. ಮರುದಿನದಿಂದ ಅವರ ಬೆರಳು ಅಮಸಿದ್ದನ ಕಡೆಗೆ ತಿರುಗಲಿಲ್ಲ. ಊರಿನ ಉಳಿದ ಅಂಗಡಿಗಳ ಬೆರಳುಗಳೂ ಮಡಚಿಕೊಂಡವು. ಇದು ೧೯೯೯ರ ಮಾತು.

ಆಮೇಲಿನ ಎಂಟೊಂಬತ್ತು ವರ್ಷ ಅವನು ಹೇಗೆ ಬದುಕಿದ ಎಂಬುದನ್ನು ನಾನು ವರ್ಣಿಸಲಾರೆ, ಅವನು ವರ್ಣಿಸುವುದಿಲ್ಲ. ಸೈಕಲ್ಲಿಗೆ ಏಣಿ ಕಟ್ಟಿಕೊಂಡು ಚಡಚಣದವರೆಗೆ ಹೋಗಿ, ಕೆಟ್ಟ ಪಂಪಿನ ಮೋಟರು, ಸುಟ್ಟ ಫ್ಯೂಜು, ಮದುವೆಯ ಹಂದರದ ದೀಪ ಎಂದು ಸಿಕ್ಕಿದ್ದನ್ನು ಮಾಡಿದ. ಹೊಸ ಮನೆಗಳೆಲ್ಲ ಕಟ್ಟೆಯ ಪಾಲಾದವು. ೨೦೦೮ರ ಹೊತ್ತಿಗೆ ಸಣ್ಣ ಕೆಲಸವೂ ಬತ್ತಿತು. ಅವನ ಹೆಂಡತಿ ಶೇವಂತೆವ್ವ ಒಂದು ದಿನ ಅವನ ಜೊತೆಗೇ ನಮ್ಮ ಮನೆಗೆ ಬಂದು, ನನಗೆ ಹೇಳುವ ನೆವದಲ್ಲಿ ಗಂಡನಿಗೆ ಹೇಳಿದಳು: "ನಮ್ಮಣ್ಣ ಸೋಲಾಪುರದಾಗ ಕಾರಖಾನಿ ಗೇಟಿಗೆ ವಾಚಮನ್ ಕೆಲಸ ಕೊಡಸ್ತೇನಿ ಅಂದಾನ್ರಿ. ಇವರಿಗೆ ಸಲಾಮ ಹೊಡ್ಯಾಕ ಬರಂಗಿಲ್ಲಂತ. ಅದೂ ಬ್ಯಾಡಾದ್ರ ಕಟ್ಟೀಗರ ಹೋಗಿ ಕುಂದರ್ಲಿ. ಹೆಗಲ ಮ್ಯಾಲಿನ ಏಣಿ ಇಳಸ್ತಾರ, ತಲಿ ಮ್ಯಾಲಿಂದು ಇಳಸಂಗಿಲ್ಲ."

ಅದಕ್ಕೆ ಅಮಸಿದ್ದ, "ದೀಪಾವಳಿತನಾ ನೋಡ್ತೇನಿ. ಕೆಲಸ ಬರಲಿಲ್ಲಂದ್ರ ಏಣಿ ಮಾರಿ ಸೋಲಾಪುರಕ್ಕ ಹೋಗೂಣು. ಕಟ್ಟೀಗಿ ಮಾತ್ರ ಹೋಗಂಗಿಲ್ಲ" ಎಂದ. ದೀಪಾವಳಿಗೆ ಆಗ ಎರಡೂವರೆ ತಿಂಗಳಿತ್ತು.

ರೇಣುಕಾ ನನ್ನ ಹಳೆಯ ವಿದ್ಯಾರ್ಥಿನಿ. ಬಸ್ ನಿಲ್ದಾಣದ ಎದುರು ಮೂರು ಕಂಪ್ಯೂಟರುಗಳ ಇಂಟರ್ನೆಟ್ ಅಂಗಡಿ ಇಟ್ಟಿದ್ದಳು. ವೈರಮನ್, ಬಡಿಗ, ಗೌಂಡಿ ಮುಂತಾದವರು ತಮ್ಮ ಹೆಸರು, ಊರು, ಫೋನ್ ನಂಬರನ್ನು ತಾವೇ ಬರೆದಿಡಬಹುದಾದ ಒಂದು ತಾಣವಿದೆ, ಬೇಕಾದವರು ನೋಡಿ ನೇರವಾಗಿ ಫೋನ್ ಮಾಡುತ್ತಾರೆ, ನಡುವೆ ಯಾರಿಗೂ ಕಮಿಷನ್ ಇಲ್ಲ ಎಂದು ನನಗೆ ಹೇಳಿದವಳು ಅವಳೇ. ಗಡುವಿನ ಮೂರು ವಾರ ಕಳೆದಾಗ ನಾನು ಅಮಸಿದ್ದನನ್ನು ಕರೆದುಕೊಂಡು ಹೋದೆ. ಅವನಿಗೆ ಮೊದಲು ಬಂದದ್ದು ಸಂಶಯ.

"ಪುಕ್ಕಟೆ ಯಾಕ ಮಾಡ್ತಾರ ಅವರು? ಅವರ ಹೊಟ್ಟಿಗೆ ಏನ್ ತಿಂತಾರ?"

"ಅದರ ಬಾಜೂಕ ಜಾಹೀರಾತ ಬರ್ತಾವ ಕಾಕಾ, ಅದರಿಂದ ತಿಂತಾರ. ನಿಮ್ಮ ಕೂಲಿಗೆ ಕೈ ಹಚ್ಚಂಗಿಲ್ಲ. ಈಗ ಹೇಳ್ರಿ, ಏನೇನ್ ಕೆಲಸ ಮಾಡ್ತೀರಿ?"

ಅಮಸಿದ್ದ ಗಂಟಲು ಸರಿಮಾಡಿಕೊಂಡು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನಂತೆ ನೆಟ್ಟಗೆ ನಿಂತು ಹೇಳತೊಡಗಿದ. "ಕಂಬಕ್ಕ ಕೊಂಡಿ ಹಾಕಿ ಕರೆಂಟ್ ಕದ್ದು ಕೊಡಂಗಿಲ್ಲ. ಮೀಟರಿಗೆ ಕೈ ಹಚ್ಚಂಗಿಲ್ಲ. ಮಣ್ಣ ನೋಡಲಾರದ ಕೆಲಸ ಹಿಡ್ಯಂಗಿಲ್ಲ. ಬೇಕಾದ್ದಕ್ಕಿಂತ ಒಂದು ಸ್ವಿಚ್ಚೂ ಹೆಚ್ಚಿಗಿ ಬರೆಸಂಗಿಲ್ಲ. ಮೇನ್ ಸ್ವಿಚ್ ಹೆಂಗ ಬಂದ್ ಮಾಡೂದು ಅಂತ ಮನೀ ಹೆಣಮಕ್ಕಳಿಗೆ ಕಲಿಸಲಾರದ ಹೊರಗ ಬೀಳಂಗಿಲ್ಲ."

ರೇಣುಕಾ ಕೀಲಿಮಣೆಯಿಂದ ಬೆರಳು ಎತ್ತಿಕೊಂಡು ಕುಳಿತಳು. "ಕಾಕಾ, ಮಾಡೂದು ಕೇಳ್ದೆ. ಮಾಡಲಾರದ್ದು ಹೇಳಾಕತ್ತೀರಿ. ಇದನ್ನ ಓದಿದವರು ಓಡಿ ಹೋಗ್ತಾರ."

"ಹಂಗಲ್ಲವಾ. ಓಡಿ ಹೋಗವರು ಈಗಽ ಓಡಿ ಹೋಗ್ಲಿ. ಸೈಕಲ್ ತುಳಿಯೂದ ತಪ್ತೈತಿ."

ಕೊನೆಗೆ ಆ ಐದು ನಿರಾಕರಣೆಗಳನ್ನು ನಾನೇ ಇಂಗ್ಲಿಷಿಗೆ ಇಳಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕೂ ತಾಲೂಕುಗಳ ಹೆಸರು, ಅವನ ಲೈಸೆನ್ಸಿನ ನಂಬರು, ಶೇವಂತೆವ್ವ ತನ್ನ ಕುರಿಮರಿ ಮಾರಿ ಕೊಡಿಸಿದ್ದ ಮೊಬೈಲಿನ ನಂಬರು. ಜಾಹೀರಾತು ಎಂದರೆ ತನ್ನನ್ನು ಮಾರಿಕೊಳ್ಳುವ ಕಲೆ ಎಂದು ನಂಬಿದವರು ಅದನ್ನು ನೋಡಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಐದು ವಾರ ಏನೂ ಆಗಲಿಲ್ಲ. ಸೋಮವಾರಕ್ಕೊಮ್ಮೆ ಅವನು ರೇಣುಕಾಳ ಅಂಗಡಿಗೆ ಬಂದು, ಪರದೆಯ ಮೇಲೆ ತನ್ನ ಹೆಸರನ್ನು ತೆರೆಸಿ ನೋಡಿ ಹೋಗುತ್ತಿದ್ದ. ಅದು ಅಲ್ಲೇ ಇರುತ್ತದೆ, ನೋಡಲು ಬರಬೇಕಾಗಿಲ್ಲ ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. "ಬೋರ್ಡ ಹಚ್ಚಿದ ಮ್ಯಾಲ ಧೂಳ ಝಾಡಸಬೇಕಾಗ್ತೈತಿ" ಎನ್ನುತ್ತಿದ್ದ. ಕಟ್ಟೆಗೆ ಸುದ್ದಿ ಮುಟ್ಟಿತು. ಅಲ್ಲಿಯ ಹಿರಿಯ ಕೈ ಕಾಸಿಂಸಾಬ, ಇಪ್ಪತ್ತು ವರ್ಷದಿಂದ ಅದೇ ಕಲ್ಲಿನ ಮೇಲೆ ಕುಳಿತವನು, ಇವನು ಸೈಕಲ್ಲಿನಲ್ಲಿ ಹಾದುಹೋದಾಗಲೆಲ್ಲ ಎದ್ದುನಿಂತು ಕೈ ಮುಗಿಯುತ್ತಿದ್ದ. "ಸರೀರ್ರೋ, ಸರೀರಿ! ಕಂಪ್ಯೂಟರ್ ಇಂಜಿನಿಯರ್ ಸಾಹೇಬ್ರು ಹೊಂಟಾರ. ಅಮೆರಿಕಾದಾಗ ಒಂದು ಬಲ್ಬ್ ಹೋಗೇತಂತ, ಹಚ್ಚಿ ಬರ್ತಾರ!" ಅಮಸಿದ್ದ ತಿರುಗಿಯೂ ನೋಡುತ್ತಿರಲಿಲ್ಲ.

ಆರನೆಯ ವಾರ ಬಾಗೇವಾಡಿಯಿಂದ ಫೋನ್ ಬಂತು. ಸಿದ್ದಲಿಂಗ ಎಂಬ ಹೈಸ್ಕೂಲ್ ಹೆಡ್‌ಮಾಸ್ತರರು. ಹೊಸ ಮನೆ, ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಇಬ್ಬರು ಬಂದು ನೋಡಿ ದುಡ್ಡು ಇಸಿದುಕೊಂಡು ಹೋಗಿದ್ದಾರೆ, ಮಡದಿ ಬಚ್ಚಲಿಗೆ ಕಾಲಿಡಲು ಹೆದರುತ್ತಿದ್ದಾಳೆ. ಎರಡೂವರೆ ತಿಂಗಳ ಗಡುವಿನಲ್ಲಿ ಹದಿನಾರು ದಿನ ಉಳಿದಿದ್ದ ನಮ್ಮ ಅಮಸಿದ್ದ ಮಹಾಶಯ ಫೋನಿನಲ್ಲಿ ಕೇಳಿದ ಮೊದಲ ಮಾತು, "ನನ್ನ ನಂಬರ ನಿಮಗ ಯಾರ ಕೊಟ್ರು?" ಎಂದು. ಯಾವನೋ ಅಂಗಡಿಯವನ ಕುತಂತ್ರ ಇರಬಹುದೆಂಬ ಗುಮಾನಿ. ಕಂಪ್ಯೂಟರಿನಲ್ಲಿ ಓದಿದೆ ಎಂದು ಅವರು ನಾಲ್ಕು ಸಲ ಹೇಳಿದ ಮೇಲೆ ಕೇಳಿದ ಎರಡನೆಯ ಮಾತು, "ನಿಮ್ಮ ಮಣ್ಣ ಎರಿನೋ, ಕೆಂಪು ಮಸಾರಿನೋ?"

"ಅದನ್ನ ಕೇಳಿದವ ನೀನಽ ಮೊದಲನೇದವ. ಬಾರಪಾ" ಎಂದರಂತೆ ಅವರು.

ನಾಲ್ಕು ದಿನ ಅಲ್ಲಿದ್ದು ಗುಂಡಿ ತೋಡಿ ಕೆಲಸ ಮುಗಿಸಿದ. ಹೆಡ್‌ಮಾಸ್ತರರು ತಾಣದಲ್ಲಿ ಅವನ ಹೆಸರಿನ ಕೆಳಗೆ ತಮ್ಮ ಅಭಿಪ್ರಾಯ ಬರೆದರು: ಮಾತು ಒರಟು, ಕೆಲಸ ಶುದ್ಧ. ರೇಣುಕಾ ಅಳುಕುತ್ತಲೇ ಓದಿ ಹೇಳಿದಾಗ ಅವನು ಒಂದು ಕ್ಷಣ ಯೋಚಿಸಿ, "ಇರ್ಲಿ. ಎರಡೂ ಖರೆ ಅದಾವು" ಎಂದ. ದೀಪಾವಳಿಗೆ ಅವನು ಸಿಂದಗಿಯಲ್ಲಿದ್ದ, ಒಬ್ಬ ಡಾಕ್ಟರರ ಮನೆಯ ಅಟ್ಟದ ಮೇಲೆ. ಏಣಿ ಮಾರಲಿಲ್ಲ, ಮರುವರ್ಷ ಇನ್ನೊಂದನ್ನು ಕೊಂಡ. ನಾಲ್ಕು ತಾಲೂಕುಗಳಲ್ಲಿ ಅವನ ಹೆಸರು ಅವನ ಕಾಲಿಗಿಂತ ಮುಂಚೆ ತಲುಪತೊಡಗಿತು. ಇದನ್ನು ಬರೆಯುವಾಗ ನನಗೆ ಹೆಮ್ಮೆ ಎನಿಸುತ್ತದೆ. ನಾನು ಸುಲಭಕ್ಕೆ ಹೆಮ್ಮೆಪಡುವವಳಲ್ಲ.

ಇತ್ತ ಬಸಂತರಾಯರ ಮಗ ಅಮಿತ ಅಂಗಡಿಯನ್ನು ವಹಿಸಿಕೊಂಡ. ಸೋಲಾಪುರದಿಂದ ಗುತ್ತಿಗೆಯ ತಂಡ ಕರೆಸಿದ, ಕಟ್ಟೆ ಒಡೆಸಿ ಗಾಜಿನ ಬಾಗಿಲು ಹಾಕಿಸಿದ. ಕಿರಿಯರು ಅಲ್ಲಿ ಇಲ್ಲಿ ಚದುರಿದರು. ಐವತ್ತೈದು ದಾಟಿದ ಕಾಸಿಂಸಾಬ ಮಾತ್ರ ತಿಂಗಳುಗಟ್ಟಲೆ ಮನೆಯಲ್ಲೇ ಕುಳಿತ. ರೇಣುಕಾಳ ಅಂಗಡಿಯ ಮುಂದೆ ಎರಡು ಸಲ ಬಂದು ನಿಂತು ಒಳಗೆ ಬರದೆ ಹೋದನಂತೆ. ತಾನೇ ಹೊಡೆದ ಚೇಷ್ಟೆಯ ಮಾತುಗಳು ಬಾಗಿಲಿಗೆ ಅಡ್ಡ ನಿಂತಿದ್ದವು. ಅವನ ಹೆಸರನ್ನೂ ಸೇರಿಸಬಾರದೆ, ನೀನೇ ಹೋಗಿ ಕರೆಯಬಾರದೆ ಎಂದು ನಾನು ಅಮಸಿದ್ದನನ್ನು ಕೇಳಿದೆ. "ಹಂಗಲ್ರಿ. ಬೇಕಾದವರು ತಾವಽ ಬರ್ತಾರ" ಎಂದುಬಿಟ್ಟ. ಅಹಂಕಾರಿ ಎಂದು ನಾನು ಕೊನೆಯ ಸಲ ಅವನ ಮುಖಕ್ಕೆ ಹೇಳಿದ್ದು ಅಂದೇ.

ಈ ಜಾತಿಯ ಕುಶಲಕರ್ಮಿಗಳು ಎಲ್ಲ ಕಡೆಯೂ ಇದ್ದಾರೆ. ತಮ್ಮ ಕೈಯನ್ನು ಬಲ್ಲವರು, ಆ ಕೈಗೂ ಅದರ ಫಲಕ್ಕೂ ನಡುವೆ ಮೂರನೆಯವರ ನೆರಳನ್ನೂ ಸಹಿಸದವರು. ಅವರಿಂದ ಊರಿಗೆ ಬೆಳಕು ಬರುತ್ತದೆ, ಬೆಚ್ಚಗಿನ ಮಾತು ಬರುವುದಿಲ್ಲ. ನೆಟ್ಟಗೆ ನಿಲ್ಲುವ ಅಭ್ಯಾಸವಾದ ಬೆನ್ನು ಇನ್ನೊಬ್ಬನನ್ನು ಎತ್ತಲೆಂದೂ ಬಾಗುವುದಿಲ್ಲ ಎಂಬುದು ನನ್ನ ಬಹುಕಾಲದ ಅಭಿಪ್ರಾಯ.

ಕಳೆದ ವಾರ ನಮ್ಮ ಮನೆಯ ಸ್ವಿಚ್‌ಬೋರ್ಡ್ ಬಿಚ್ಚಿಕೊಂಡು ನಿಂತಿದ್ದಾಗ ಅವನಿಗೆ ನಾಲತವಾಡದಿಂದ ಫೋನ್ ಬಂತು. ಹೊಸ ಕಲ್ಯಾಣ ಮಂಟಪ, ಎರಡು ತಿಂಗಳ ಕೆಲಸ. ಎಂದಿನಂತೆ ಮಣ್ಣು ಕೇಳಿದ. ಆಮೇಲೆ ನನಗೆ ಬೆನ್ನು ತಿರುಗಿಸಿ ಹೇಳಿದ: "ಅಷ್ಟು ದೊಡ್ಡ ಕೆಲಸ ನನಗ ನೀಗಂಗಿಲ್ರಿ. ಇಂಡ್ಯಾಗ ಕಾಸಿಂಸಾಬ ಅಂತ ಅದಾರ, ನನಗಿಂತ ಚಲೋ ಕೈ. ನಂಬರ ಬರಕೋರಿ." ಅದಕ್ಕಿಂತ ದೊಡ್ಡ ಮಂಟಪವನ್ನು ಅವನು ಮುದ್ದೇಬಿಹಾಳದಲ್ಲಿ ಒಬ್ಬನೇ ಮಾಡಿ ಮುಗಿಸಿದ್ದ. ನಂಬರನ್ನು ಚೀಟಿ ನೋಡದೆ ಬಾಯಿಪಾಠವಾಗಿ ಎರಡು ಸಲ ಹೇಳಿದ. ನಂತರ ದನಿ ತಗ್ಗಿಸಿದ.

"ಒಂದ ಮಾತ್ರಿ. ನಾ ಹೇಳಿದ್ನಂತ ಅವರ ಮುಂದ ಅನಬ್ಯಾಡ್ರಿ. ಕಂಪ್ಯೂಟರದಾಗ ಯಾರೋ ಬರದಿಟ್ಟ ನಿಮ್ಮ ಹೆಸರ ನೋಡಿದ್ನಿ ಅನ್ರಿ."