ಭಂಡಾರಿಯ ಐತವಾರ

ಖಾರದ ಗಿರಣಿಯ ಬಾಗಿಲಲ್ಲಿ ಯಾರೂ ಹರಟೆ ಹೊಡೆಯುತ್ತ ನಿಲ್ಲುವುದಿಲ್ಲ. ಗುತ್ತಲದಿಂದ ಹೊಳೆಯ ಕಡೆ ಹೋದರೆ ಸಿಗುವ ಊರಲ್ಲಿ ಗದಿಗೆವ್ವನ ಗಿರಣಿ. ಬೇಸಿಗೆ ಬಂತೆಂದರೆ ಬ್ಯಾಡಗಿ ಮೆಣಸಿನಕಾಯಿ ತುಂಬಿದ ಡಬ್ಬಿಗಳು ಅವಳ ಬಾಗಿಲ ಮುಂದೆ ಸಾಲಾಗಿ ಕೂರುತ್ತವೆ. ತಂದವರು ಮಾತ್ರ ಮೂಗಿಗೆ ಸೆರಗು ಹಿಡಿದು, ಸೀನುತ್ತ, ದೂರದ ಬೇವಿನ ಗಿಡದ ಕೆಳಗೆ ಓಡುತ್ತಾರೆ. ಕುಟ್ಟಿಸಿಕೊಂಡು ಒಯ್ಯುವಾಗಲೂ ಕೈಸನ್ನೆಯೇ. ಜೋಳದ ಗಿರಣಿ ಹಾಕಿದ್ದರೆ ಊರ ಸುದ್ದಿಯೆಲ್ಲ ತಾನಾಗಿ ಅವಳ ಕಿವಿಗೆ ಬೀಳುತ್ತಿತ್ತು. ಗಂಡ ಕರಬಸಪ್ಪ ಯಾರ ಮಾತನ್ನೂ ಕೇಳದೆ ಖಾರದ್ದೇ ಹಾಕಿದ, ಆಮೇಲೆ ಅದನ್ನು ಇವಳ ಕೈಗೆ ಬಿಟ್ಟು ಕಣ್ಣು ಮುಚ್ಚಿದ. ಮಕ್ಕಳಿರಲಿಲ್ಲ. ಉಳಿದದ್ದು ಗಿರಣಿ ಮತ್ತು ಭಂಡಾರಿ.

ಭಂಡಾರಿ ಅಂದರೆ ನಾಯಿ. ಮೈಲಾರಲಿಂಗನ ಭಂಡಾರವನ್ನು, ಅಂದರೆ ಆ ದೇವರ ಅರಿಷಿಣ ಪುಡಿಯನ್ನು, ಮೈಗೆ ಎರಚಿದಂಥ ಬಣ್ಣ ಅದರದು. ಕರಬಸಪ್ಪನ ಮನೆತನದವರು ಮೈಲಾರನಿಗೆ ನಡೆದುಕೊಳ್ಳುವವರು. ನಾಯಿ ಆ ದೇವರಿಗೆ ಬೇಕಾದ ಜೀವ. ಹಾಗಾಗಿ ಐತವಾರ ಆ ಮನೆಯಲ್ಲಿ ನಾಯಿಯನ್ನು ಕಟ್ಟುವಂತಿಲ್ಲ, ಬಯ್ಯುವಂತಿಲ್ಲ, ಮನೆಮಂದಿಗಿಂತ ಮೊದಲು ಅದಕ್ಕೆ ಹಾಲು ಅನ್ನ ಇಡಬೇಕು. ಉಳಿದ ದಿನ ಕಟ್ಟಲು ಅಡ್ಡಿಯಿರಲಿಲ್ಲ, ಆದರೆ ಗದಿಗೆವ್ವ ಅದನ್ನೂ ಮಾಡಿದವಳಲ್ಲ. ಕಟ್ಟಿಹಾಕಿದರೆ ಅವಳ ಬೆನ್ನಿಗೆ ಬರುವವರಾದರೂ ಯಾರಿದ್ದರು?

ದಿನಾ ಬೆಳಗ್ಗೆ ಗಿರಣಿ ಶುರುಮಾಡುವ ಮುಂಚೆ ಇಬ್ಬರೂ ತುಂಗಭದ್ರೆಗೆ ಹೋಗುತ್ತಿದ್ದರು. ಎದೆಯಲ್ಲಿ ಕೂತ ಘಾಟು ಹೊಳೆಯ ಗಾಳಿಗೆ ಸ್ವಲ್ಪ ಇಳಿಯುತ್ತಿತ್ತು. ಬೇಸಿಗೆಯಲ್ಲಿ ನೀರು ಸರಿದು ನಡುವೆ ಮರಳದಿಬ್ಬ ಏಳುತ್ತದೆ. ಭಂಡಾರಿ ತೆಳ್ಳನೆಯ ನೀರು ದಾಟಿ ದಿಬ್ಬ ಹತ್ತಿತೆಂದರೆ ಅಲ್ಲಿದ್ದ ಹಕ್ಕಿಗಳೆಲ್ಲ ಒಮ್ಮೆಲೇ ಮೇಲೇಳುತ್ತಿದ್ದವು. ಕರಿ ಟೋಪಿ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಓದಿದವರು ನದಿ ರೀವ ಅನ್ನುತ್ತಾರೆ, ಗದಿಗೆವ್ವನಿಗೆ ಬರೀ ಹೊಳೆಹಕ್ಕಿ. ಅವು ನಾಯಿಯ ತಲೆಯ ಮೇಲೆ ಸುತ್ತು ಹಾಕುತ್ತಿದ್ದವು, ಕೂಗುತ್ತ ದಂಡೆಯವರೆಗೂ ಬಂದು ಅವಳ ತಲೆಯ ಮೇಲೂ ಸುತ್ತುತ್ತಿದ್ದವು. ಅವಳು ಮುಖ ಮೇಲೆತ್ತಿ ಕೂತುಬಿಡುತ್ತಿದ್ದಳು. ಇಡೀ ದಿನದಲ್ಲಿ ಅವಳನ್ನು ಕಂಡು ಎದ್ದು ಬರುವ ಜೀವಗಳೆಂದರೆ ಅವೇ.

ಪಕ್ಕದ ಮನೆಯ ಹಾಜಿರಾಬಿ ಹೊಲಿಗೆ ಕೆಲಸದವಳು, ಗೋಡೆಯಾಚೆಯಿಂದ ಎರಡು ಮಾತಾಡುವವಳು ಅವಳೊಬ್ಬಳೇ. ಅವಳ ಮುಂದೆ ಗದಿಗೆವ್ವ ಹೆಮ್ಮೆ ಕೊಚ್ಚಿಕೊಂಡಿದ್ದಳು: “ನಮ್ಮನ್ನ ಕಂಡಕೂಡ್ಲೆ ಎದ್ದು ಬರ್ತಾವು ಹಾಜಿರಾ. ಬರ್ರಿ, ಕುಂದ್ರಿ ಅಂದಂಗ ಆಕ್ಕೈತಿ.”

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಪ್ರೀತಿಗೆ ಹಸಿದವರಿಗೆ ಪ್ರಮಾಣಿಸುವ ತಾಳ್ಮೆ ಎಲ್ಲಿಂದ ಬರಬೇಕು?

ಒಂದು ಬೆಳಗ್ಗೆ ಭಂಡಾರಿಯ ಕಾಲಿಗೆ ಜಾಲಿಮುಳ್ಳು ನೆಟ್ಟು, ಅದು ಮನೆಯಲ್ಲೇ ಮಲಗಿತು. ಗದಿಗೆವ್ವ ಒಬ್ಬಳೇ ಹೊಳೆಗೆ ಹೋಗಿ ಎಂದಿನ ಜಾಗದಲ್ಲಿ ಕೂತಳು. ಒಂದು ಹಕ್ಕಿಯೂ ಏಳಲಿಲ್ಲ. ಅವಳಿಗೆ ಖರೇನೇ ಬೇಜಾರಾಯಿತು. ನಾಯಿಗಿದ್ದ ಮರ್ಯಾದೆ ತನಗಿಲ್ಲವೇ ಎಂದು ಸಿಟ್ಟೂ ಬಂತು. ಸಿಟ್ಟಿನಲ್ಲೇ ದಿಬ್ಬವನ್ನು ದಿಟ್ಟಿಸಿ ನೋಡಿದಳು. ಹಕ್ಕಿಗಳು ಬರಿ ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಎದೆಯೂರಿ ಕೂತಿದ್ದವು. ಬಿಸಿಲೇರಿದಾಗ ಒಂದು ಎದ್ದು, ನೀರಿಗೆ ಹೊಟ್ಟೆ ತಾಗಿಸಿ, ಒದ್ದೆ ಮೈಯಲ್ಲೇ ಬಂದು ಅದೇ ಜಾಗದಲ್ಲಿ ಕೂತಿತು. ಅದು ಎದ್ದ ಗಳಿಗೆಯಲ್ಲಿ ಮರಳಿನ ಬಣ್ಣದ ಚುಕ್ಕೆ ಚುಕ್ಕೆ ತತ್ತಿಗಳು ಕಂಡವು.

ತತ್ತಿ ಸುಡಬಾರದೆಂದು ನೀರು ಹೊತ್ತು ತರುವ ತಾಯಿ ಅದು. ಭಂಡಾರಿ ಹೋದ ದಿನಗಳಲ್ಲೆಲ್ಲ ಅವು ಎದ್ದು, ತತ್ತಿಯನ್ನು ಬಿಸಿಲಿಗೆ ಬಿಟ್ಟು, ಅವಳ ತಲೆಯ ಮೇಲೆ ಕೂಗಿದ್ದು ಬಾ ಅಂತ ಅಲ್ಲ, ಹೋಗು ಅಂತ. ಗಿರಣಿಯ ಮುಂದೆ ಕಣ್ಣೀರು ಸುರಿಸುವವರನ್ನು ಕಂಡು, ನನ್ನ ಮೇಲೆ ಇವರಿಗೆಷ್ಟು ಅಂತಃಕರಣ ಅಂದುಕೊಂಡ ಹಾಗಾಗಿತ್ತು ಅವಳ ಕತೆ. ಗದಿಗೆವ್ವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಇದ್ದ ಬಳಗವನ್ನು ಒಂದೇ ಬೆಳಗ್ಗೆ ಕಳೆದುಕೊಂಡಂತೆ ದುಃಖವಾಯಿತು.

ಮುಳ್ಳು ತೆಗೆದು, ಕಾಲು ವಾಸಿಯಾದ ಮೇಲೆ ಭಂಡಾರಿಯ ಕೊರಳಿಗೆ ಹಗ್ಗ ಬಿತ್ತು. ಸೋಮವಾರದಿಂದ ಶನಿವಾರದ ತನಕ ಬಿಚ್ಚಲಿಲ್ಲ. ಐತವಾರ ಬಂತು. ಗಂಡನ ಮನೆಯ ನಡೆಯನ್ನು ತಾನೊಬ್ಬಳೇ ಉಳಿದಿರುವಾಗ ಮುರಿಯುವುದು ಹೇಗೆ? ಹಾಲು ಅನ್ನ ಇಟ್ಟು, ಕೈಮುಗಿದು ಹಗ್ಗ ಬಿಚ್ಚಿದಳು. ಹೊಳೆಗೆ ತಾನು ಹೋಗದಿದ್ದರೆ ನಾಯಿಯೂ ಹೋಗುವುದಿಲ್ಲ ಎಂಬ ಭರವಸೆ ಅವಳದು.

ನಾಯಿಗೆ ರೂಢಿಯೇ ಯಜಮಾನ. ಗಿರಣಿಯ ಸದ್ದು ನಿಂತು ಅವಳು ಹೊರಗೆ ಬಂದಾಗ ಭಂಡಾರಿ ಕಟ್ಟೆಯ ಮೇಲೆ ಮೂತಿ ನೆಕ್ಕುತ್ತ ಕೂತಿತ್ತು. ಹೊಟ್ಟೆ ಒದ್ದೆ, ಮೂತಿಗೆ ಅಂಟಿದ ಮರಳು. ಗದಿಗೆವ್ವ ಬಿಸಿಲಲ್ಲಿ ಓಡಿದಳು. ದಿಬ್ಬದ ಈಚೆಯ ಬದಿಯಲ್ಲಿ ಒಡೆದ ಚಿಪ್ಪು, ಹೆಜ್ಜೆಗುರುತು, ನೊಣ. ಮೇಲೆ ಹಕ್ಕಿಗಳು ಸುತ್ತುತ್ತಲೇ ಇದ್ದವು, ಕೆಳಗಿಳಿಯಲು ಅವಕ್ಕೆ ಕಾರಣ ಉಳಿದಿರಲಿಲ್ಲ. ಆಚೆಯ ತುದಿಯಲ್ಲಿ ಮಾತ್ರ ಕೆಲವು ಇನ್ನೂ ಕಾವಿಗೆ ಕೂತಿದ್ದವು.

ಮನೆಗೆ ಬಂದು ನಾಯಿಗೆ ಬಡಿಯಲು ಕೋಲು ಎತ್ತಿದಳು. ಭಂಡಾರಿ ಬಾಲ ಅಲ್ಲಾಡಿಸಿತು. ದೇವರ ದಿನ ಬೇರೆ. ಕೋಲು ಕೈಯಲ್ಲೇ ಉಳಿಯಿತು, ಅವಳು ಹೊಸ್ತಿಲ ಮೇಲೆ ಕೂತು ಅತ್ತಳು. ಹಾಜಿರಾಬಿ ಮಷೀನು ಬಿಟ್ಟು ಬಂದು ಎಲ್ಲ ಕೇಳಿಸಿಕೊಂಡಳು.

“ನಾಯಿಗೇನ್ ಗೊತ್ತಕ್ಕಾ, ಅದರ ಬುದ್ಧಿ ಅದಕ್ಕ,” ಅಂದಳು. “ಬಿಟ್ಟವರು ನಾವು.”

ಮಳೆ ಬೀಳುವ ತನಕ ಭಂಡಾರಿಯನ್ನು ಮೋಟೆಬೆನ್ನೂರಲ್ಲಿರುವ ತನ್ನ ತಮ್ಮನ ಹೊಲಕ್ಕೆ ಕಳಿಸುವಾ ಎಂದೂ ಹೇಳಿದಳು. ಗದಿಗೆವ್ವ ಒಪ್ಪಲಿಲ್ಲ. ನಾಯಿಯೂ ಹೋದರೆ ಸಂಜೆ ಬಾಗಿಲು ತೆರೆದಾಗ ಒಳಗೆ ಯಾರಿರುತ್ತಾರೆ?

ಮುಂದಿನ ಐತವಾರ ಅವಳು ಹಾಲು ಅನ್ನವನ್ನು ನಾಯಿ ಇದ್ದಲ್ಲಿಗೇ ಒಯ್ದು ಇಟ್ಟಳು. ಹಗ್ಗ ಬಿಚ್ಚಲಿಲ್ಲ. ದೇವರ ಜಗಲಿಯ ಮೈಲಾರನ ಮುಂದಿದ್ದ ಭಂಡಾರವನ್ನು ಒಂದು ಚಿಟಿಕೆ ತಂದು ಹಗ್ಗದ ಗಂಟಿಗೆ ಹಚ್ಚಿದಳು. “ಯಪ್ಪಾ, ಇದರ ಪಾಪ ನನ್ನ ತಲಿಮ್ಯಾಲೆ ಹಾಕು,” ಅಂದಳು. ಆ ಮನೆತನದಲ್ಲಿ ಯಾರೂ ಮಾಡದ ಕೆಲಸ. ಭಂಡಾರಿ ಊಳಿಡುವುದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು.

ಹೊಳೆಯಲ್ಲಿ ಅವಳು ದಂಡೆಗೆ ಇಳಿಯದೆ, ಮೇಲಿನ ಏರಿಯಲ್ಲೇ ನಿಂತಳು. ಆಚೆಯ ತುದಿಯ ಹಕ್ಕಿಗಳು ಕೂತಿದ್ದವು. ಯಾವುದೂ ಕೂಗಲಿಲ್ಲ, ಯಾವುದೂ ತಿರುಗಿ ನೋಡಲಿಲ್ಲ. ಆಗಬೇಕಾದದ್ದು ಇದೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ಆಸೆ ಬಿಡುತ್ತಿರಲಿಲ್ಲ: ಸ್ವಲ್ಪ ಇಳಿದರೆ, ಸೀರೆ ಎತ್ತಿ ನೀರು ದಾಟಿದರೆ, ಎಲ್ಲವೂ ಎದ್ದು ಬರುತ್ತವೆ. ಬಯ್ಯಲಿಕ್ಕಾದರೂ ಬರಲಿ, ತಲೆಯ ಮೇಲೆ ಸುತ್ತಿ ಕೂಗಲಿ, ಒಮ್ಮೆ ಸಾಕು.

ತನಗೆ ಅರಿವಿಲ್ಲದೆ ಅವಳು ಇಳಿಯತೊಡಗಿದ್ದಳು. ದಿಬ್ಬದಲ್ಲಿ ಒಂದು ಹಕ್ಕಿ ಕತ್ತೆತ್ತಿ, ರೆಕ್ಕೆ ಅರ್ಧ ಬಿಚ್ಚಿತು. ಅದರ ಎದೆಯ ಕೆಳಗೆ ಏನೋ ಮಿಸುಕಿತು. ಗದಿಗೆವ್ವ ನಿಂತಲ್ಲೇ ನಿಂತಳು, ಆಮೇಲೆ ಹಿಂದಕ್ಕೆ ಹೆಜ್ಜೆಯಿಡುತ್ತಲೇ ಏರಿ ಹತ್ತಿದಳು. ಹಕ್ಕಿ ರೆಕ್ಕೆ ಮಡಚಿತು.

“ಕುಂದ್ರವಾ,” ಅಂದಳು. “ನಾ ಹೋಗ್ತೇನಿ.”